ಕುಡತಿನಿಯ ಬೂದಿ, ಸಂಡೂರಿನ ಅದಿರು, ನಮ್ಮ ಹಲ್ಲು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಕುಡತಿನಿ ಬಂತೆಂದರೆ ಎಲ್ಲರ ಕಣ್ಣೂ ವಿದ್ಯುತ್ ಸ್ಥಾವರದ ಚಿಮಣಿಗಳ ಕಡೆ ಹೋಗುತ್ತದೆ. ಅಷ್ಟು ಎತ್ತರ ಅವು. ಅದೇ ಊರಿನ ಆಸುಪಾಸಿನಲ್ಲಿ ಇನ್ನೊಂದು ದಿಬ್ಬ ಇದೆ. ಅದರ ಕಡೆ ಯಾರೂ ನೋಡುವುದಿಲ್ಲ. ನಾನೂ ಎಷ್ಟೋ ವರ್ಷ ನೋಡಿರಲಿಲ್ಲ. ದೂರದಿಂದ ಸುಮ್ನೆ ಒಂದು ಮಣ್ಣಿನ ಗುಡ್ಡೆ. ಹತ್ತಿರ ಹೋಗಿ ಒಂದು ತುಂಡು ಕೈಗೆತ್ತಿಕೊಂಡಾಗ ಗೊತ್ತಾಯಿತು, ಇದು ಮಣ್ಣಲ್ಲ. ಕಲ್ಲಿನಂತೆ ಗಟ್ಟಿ, ಆದರೆ ಕಲ್ಲಿನ ತೂಕ ಇಲ್ಲ. ಒಳಗೆಲ್ಲ ತೂತು. ಒಂದು ಬದಿಯಲ್ಲಿ ಬೆಲ್ಲದ ಪಾಕ ಹರಿದು ಗಟ್ಟಿಯಾದ ಹಾಗೆ ಗಾಜಿನ ಹೊಳಪು. (ತುಂಡನ್ನು ಇದ್ದಲ್ಲೇ ಇಟ್ಟು ಬಂದೆ. ನೀವು ಹೋದರೂ ಹಾಗೇ ಮಾಡಿ.)

ನಮ್ಮ ಕಡೆ ಇಂಥ ಬೂದಿದಿಬ್ಬಗಳು ಹಲವು ಇವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. "ರಾಕ್ಷಸರ ಎಲುಬು ಸುಟ್ಟ ಬೂದಿ ರೀ ಅದು" ಅಂತ ಹಿರಿಯರೊಬ್ಬರು ನನಗೆ ಹೇಳಿದ್ದುಂಟು. ಬ್ರಿಟಿಷರ ಕಾಲದಲ್ಲಿ ಬಂದು ನೋಡಿದವರೂ ತಲೆ ಕೆರೆದುಕೊಂಡರು. ಕಬ್ಬಿಣ ಕಾಸಿದ ಕುಲುಮೆಯ ಕಿಟ್ಟವೇ? ಇಟ್ಟಿಗೆ ಗೂಡೇ? ಇದು ದನದ ಸಗಣಿ ಇರಬೇಕು ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದೆ 1950ರ ದಶಕದಲ್ಲಿ ಕೃಷ್ಣಾ ನದಿಯ ಆಚೆ ಉತ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕವು. ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕುತ್ತಿದ್ದವರು ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ. ಹಾಗೆ ಬೆಳೆದ ದಿಬ್ಬ ಇದು.

ಸರಿ, ಸಗಣಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಸಗಣಿಯಲ್ಲಿ ಗಾಜು ಎಲ್ಲಿಂದ ಬಂತು?

ಉತ್ತರ ಜೋಳದ ಹೊಲದಲ್ಲಿದೆ. ಜೋಳದ ಗರಿಯ ಅಂಚು ಕೈಗೆ ಸವರಿದರೆ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಅಲ್ವಾ? ಹುಲ್ಲಿನ ಜಾತಿಯ ಗಿಡಗಳು ಬೇರಿನಿಂದ ನೀರು ಕುಡಿಯುವಾಗ ಅದರಲ್ಲಿ ಕರಗಿರುವ ಸಿಲಿಕಾವನ್ನೂ ಕುಡಿಯುತ್ತವೆ. ಸಿಲಿಕಾ ಎಂದರೆ ಮರಳು ಯಾವುದರಿಂದ ಆಗಿದೆಯೋ ಅದೇ ವಸ್ತು. ಗಿಡ ಅದನ್ನು ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಕೂಡಿಡುತ್ತದೆ. ಕಾಂಡ ನೆಟ್ಟಗೆ ನಿಲ್ಲಲು ಇದು ಬೇಕು, ಹುಳು ಕಡಿಯದಂತೆ ತಡೆಯಲೂ ಬೇಕು. ದನ ಹುಲ್ಲು ತಿಂದಾಗ ಉಳಿದದ್ದೆಲ್ಲ ಜೀರ್ಣವಾಗಬಹುದು, ಈ ಹರಳು ಆಗುವುದಿಲ್ಲ. ಸಗಣಿಯಲ್ಲಿ ಹಾಗೇ ಹೊರಗೆ ಬರುತ್ತದೆ. ಗಾಜು ಮಾಡುವವರು ಮರಳಿಗೆ ಕ್ಷಾರ ಸೇರಿಸಿ ಕಾಸುತ್ತಾರೆ. ಕ್ಷಾರ ಇದ್ದರೆ ಮರಳು ಬೇಗ ಕರಗುತ್ತದೆ. ಸಗಣಿಯ ಬೂದಿಯಲ್ಲಿ ಮರಳಿನ ಅಂಶವೂ ಇದೆ, ಕ್ಷಾರವೂ ಇದೆ. ದೊಡ್ಡ ಗುಡ್ಡೆ ಹೊತ್ತಿಕೊಂಡು ದಿನಗಟ್ಟಲೆ ಉರಿದರೆ ಒಳಗಿನ ಬಿಸಿಗೆ ಅದು ಕರಗಿ ಗಾಜಾಗುತ್ತದೆ.

ಕಲ್ಲು ಸವೆದು ಮಣ್ಣಾಯಿತು. ಮಣ್ಣಿನ ನೀರನ್ನು ಹುಲ್ಲು ಕುಡಿಯಿತು. ಹುಲ್ಲನ್ನು ಆಕಳು ಮೇಯಿತು. ಸಗಣಿಗೆ ಬೆಂಕಿ ಬಿತ್ತು. ತಿರುಗಿ ಕಲ್ಲಾಯಿತು. ಶಾಲೆಯಲ್ಲಿ ಶಿಲಾಗೋಳಕ್ಕೆ ಒಂದು ಪಾಠ, ಜೀವಗೋಳಕ್ಕೆ ಇನ್ನೊಂದು ಪಾಠ ಇರುತ್ತದೆ. ಪರೀಕ್ಷೆಗೆ ಅದು ಅನುಕೂಲ. ಆದರೆ ಬೂದಿದಿಬ್ಬದ ಆ ತುಂಡನ್ನು ಯಾವ ಪಾಠದಲ್ಲಿ ಇಡಬೇಕು? ನನಗೆ ಈಗಲೂ ಗೊತ್ತಾಗುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳಲ್ಲಿ ಸುತ್ತಾಡಿದಷ್ಟೂ ಹಾಗೆ ಎರಡೂ ಕಡೆ ಸೇರದ, ಅಥವಾ ಎರಡೂ ಕಡೆ ಸೇರುವ ವಸ್ತುಗಳೇ ಜಾಸ್ತಿ ಕಾಣುತ್ತವೆ.

ಕಲ್ಲು ಮಣ್ಣಾಗುವ ಕಥೆಯನ್ನು ಆನೆಗೊಂದಿಯಿಂದ ಶುರು ಮಾಡೋಣ. ಗಂಗಾವತಿ ದಾಟಿ ಆ ಕಡೆ ಹೋದರೆ ಎತ್ತ ನೋಡಿದರೂ ಉರುಟು ಬಂಡೆಗಳು. ಒಂದರ ಮೇಲೊಂದು ಕೂತಿವೆ. ವಾನರರು ಎಸೆದಾಡಿದ್ದು ಅನ್ನುವುದು ಕಥೆ. ಗಾಳಿ ಮಳೆಗೆ ಸವೆದು ಹೀಗೆ ದುಂಡಗಾಗಿವೆ ಅನ್ನುವುದು ಓದಿದವರ ಮಾತು. ಎರಡನೆಯದೂ ಪೂರ್ತಿ ನಿಜವಲ್ಲ. ಈ ಬಂಡೆಗಳಲ್ಲಿ ಬಹಳಷ್ಟು ದುಂಡಗಾದದ್ದು ನೆಲದ ಒಳಗೆ, ಕತ್ತಲಲ್ಲಿ.

ಇದು 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್. ರಾಮನಗರದ ಬಂಡೆಗಳು ಗೊತ್ತಲ್ಲ, ಅಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಸಾಲಿನ ಈ ಕಡೆಯ ತುದಿ ಇದು. ಆಳದಲ್ಲಿ ಹುಟ್ಟಿದ ಕಲ್ಲು ಮೇಲೆ ಬರುತ್ತಾ ಬರುತ್ತಾ ಭಾರ ಕಳೆದುಕೊಂಡು ಸೀಳು ಬಿಡುತ್ತದೆ. ಅಡ್ಡ ಸೀಳು, ಉದ್ದ ಸೀಳು. ದೊಡ್ಡ ದೊಡ್ಡ ಪೆಟ್ಟಿಗೆ ಜೋಡಿಸಿದ ಹಾಗೆ. ಮೇಲಿನ ಮಣ್ಣಿನಿಂದ ನೀರು ಆ ಸೀಳುಗಳಿಗೆ ಇಳಿಯುತ್ತದೆ. ಇಲ್ಲಿಂದ ಮುಂದೆ ಜೀವದ ಕೆಲಸ. ಮಣ್ಣಿನೊಳಗಿನ ಬೇರು, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುತ್ತವೆ. ಹಾಗಾಗಿ ಮಣ್ಣಿನ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಜಾಸ್ತಿ. ಅದು ನೀರಿಗೆ ಸೇರಿದರೆ ನೀರು ಸ್ವಲ್ಪ ಹುಳಿಯಾಗುತ್ತದೆ. ಸೋಡಾ ನೀರಿನಲ್ಲಿ ಇರುವುದೂ ಅದೇ ಹುಳಿ. ಬೇರುಗಳು ತಾವೂ ಬೇರೆ ಹುಳಿಗಳನ್ನು ಬಿಡುತ್ತವೆ. ಈ ಹುಳಿನೀರು ಗ್ರಾನೈಟಿನ ಫೆಲ್ಡ್‌ಸ್ಪಾರ್ ಹರಳನ್ನು ಮೆಲ್ಲಗೆ ಜೇಡಿಯಾಗಿ ಮಾಡುತ್ತದೆ. ಕಪ್ಪು ಕಾಗೆಬಂಗಾರವನ್ನೂ ಕೊಳೆಸುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ.

ಪೆಟ್ಟಿಗೆಯ ಮೂಲೆಗೆ ನೀರು ಮೂರು ಕಡೆಯಿಂದ ಮುಟ್ಟುತ್ತದೆ, ಅಂಚಿಗೆ ಎರಡು ಕಡೆಯಿಂದ, ನಡುವಿನ ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕರಗುತ್ತದೆ. ಸಕ್ಕರೆ ಅಚ್ಚು ಚಹಾದಲ್ಲಿ ದುಂಡಗಾಗುವ ಹಾಗೆ ನಡುವಿನ ಗಟ್ಟಿ ಕಲ್ಲು ದುಂಡಗಾಗುತ್ತದೆ. ಮುಂದೆ ಯಾವಾಗಲೋ ಮಳೆಯ ನೀರು ಸುತ್ತಲಿನ ಸಡಿಲ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಗುಂಡುಗಳು ಒಂದರ ಮೇಲೊಂದು ಉಳಿದುಬಿಡುತ್ತವೆ. ಹೊರಗೆ ಬಂದ ಮೇಲೂ ಬಂಡೆಗೆ ಬಿಡುವಿಲ್ಲ. ಅದರ ಮೇಲೆ ಬೂದು, ಕಿತ್ತಳೆ ಬಣ್ಣದ ಚಕ್ಕೆಗಳು ಕಾಣುತ್ತವಲ್ಲ, ಅವು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಗಳು. ಬೂಷ್ಟು ಮತ್ತು ಪಾಚಿ ಒಟ್ಟಿಗೆ ಸಂಸಾರ ಮಾಡಿದರೆ ಕಲ್ಲುಹೂವು. ಅವೂ ಹುಳಿ ಬಿಟ್ಟು ಕಲ್ಲಿನ ಮೈ ಕೆರೆಯುತ್ತವೆ.

ಬಂಡೆ ಹೀಗೆ ಕೂತದ್ದರಿಂದಲೇ ಇಲ್ಲಿ ಕರಡಿ ಉಳಿದಿದೆ ಎಂದರೆ ತಪ್ಪಾಗಲಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಗುಂಡುಗಳ ಸಂದಿಯ ಗವಿ ಮಾತ್ರ ತಂಪು. 1994ರಲ್ಲಿ ಆದ ದರೋಜಿ ಕರಡಿಧಾಮ ಇರುವುದು ಇಂಥದೇ ಬಂಡೆಗುಡ್ಡಗಳಲ್ಲಿ. ಕರಡಿ ಹಗಲು ಗವಿಯಲ್ಲಿ ಮಲಗಿ ಸಂಜೆ ಗೆದ್ದಲು ತಿನ್ನಲು ಹೊರಡುತ್ತದೆ. ಗೆದ್ದಲು ಹುತ್ತ ಕಟ್ಟುವುದು ಹೆಚ್ಚಾಗಿ ಕೆಂಪು ಮಣ್ಣಿನಲ್ಲಿ. ಕೆಳಗಿನ ಜೇಡಿಯನ್ನು ಉಗುಳಿನಲ್ಲಿ ಕಲಸಿ ಮೇಲೆ ತರುತ್ತದೆ. ಹುತ್ತ ನೋಡಿ ನೀರು ಎಲ್ಲಿದೆ ಎಂದು ಹೇಳುವ ವಿದ್ಯೆ ವರಾಹಮಿಹಿರನಷ್ಟು ಹಳೆಯದು. ಕೆಲವು ದೇಶಗಳಲ್ಲಿ ಹುತ್ತದ ಮಣ್ಣನ್ನು ಪರೀಕ್ಷೆ ಮಾಡಿ ಕೆಳಗೆ ಚಿನ್ನ ಇದೆಯೇ ಎಂದು ನೋಡುತ್ತಾರೆ. ಭೂವಿಜ್ಞಾನಿ ಕೊರೆಯಬೇಕಾದ ಜಾಗದಲ್ಲಿ ಗೆದ್ದಲು ಮೊದಲೇ ಕೊರೆದು ಮಾದರಿ ತಂದಿಟ್ಟಿರುತ್ತದೆ.

ಎರೆ ಭೂಮಿಯಲ್ಲಿ, ಎಂದರೆ ಕಪ್ಪು ಮಣ್ಣಿನಲ್ಲಿ, ಹುತ್ತ ಕಡಿಮೆ. ಕಟ್ಟಿದರೂ ನಿಲ್ಲುವುದು ಕಷ್ಟ. ಯಾಕೆ ಅಂದರೆ ಆ ನೆಲವೇ ಸುಮ್ಮನಿರುವುದಿಲ್ಲ.

ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಎರೆ ಉಬ್ಬುತ್ತದೆ, ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇದರ ಜೇಡಿಯ ಹಾಳೆಗಳ ನಡುವೆ ನೀರು ನುಗ್ಗಿ ಹಾಳೆಗಳನ್ನು ದೂರ ತಳ್ಳುತ್ತದೆ. ಒಣಗಿದರೆ ಮತ್ತೆ ಹತ್ತಿರ ಬರುತ್ತವೆ. ಎರೆಯ ಮೇಲೆ ಕಟ್ಟಿದ ಮನೆಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬರುವುದು ಇದೇ ಕಾರಣಕ್ಕೆ. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಮೇಲಿನ ಪುಡಿಮಣ್ಣು, ಕಸ, ಸಗಣಿ ಬಿರುಕಿಗೆ ಬೀಳುತ್ತದೆ. ಮಳೆಗಾಲದಲ್ಲಿ ಬಿರುಕು ಮುಚ್ಚುತ್ತದೆ, ಕೆಳಗಿನದು ಮೇಲೆ ತಳ್ಳಿಸಿಕೊಳ್ಳುತ್ತದೆ. ಹೊಲ ತನ್ನನ್ನು ತಾನೇ ಮೆಲ್ಲಗೆ ಉಳುತ್ತಿರುತ್ತದೆ.

ಎರೆಯೆಲ್ಲ ಲಾವಾ ಕಲ್ಲಿನಿಂದಲೇ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ವಿಜಯಪುರದ ಕಡೆ ಅದು ಸರಿ. ನಮ್ಮಲ್ಲಿ ಬಹಳ ಕಡೆ ಎರೆಯ ಕೆಳಗೂ ಮಸಾರಿಯ (ಕೆಂಪು ಮಣ್ಣಿನ) ಕೆಳಗೂ ಇರುವುದು ಒಂದೇ ಜಾತಿಯ ಗಟ್ಟಿ ಕಲ್ಲು. ವ್ಯತ್ಯಾಸ ನೀರಿನದು. ದಿಣ್ಣೆಯಲ್ಲಿ ನೀರು ಬೇಗ ಹರಿದು ಹೋಗುತ್ತದೆ. ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಎಲ್ಲ ತೊಳೆದುಕೊಂಡು ಹೋಗಿ ಕಬ್ಬಿಣ ಉಳಿಯುತ್ತದೆ. ಅದು ತುಕ್ಕು ಹಿಡಿದು ಕೆಂಪು ಮಸಾರಿ. ತೊಳೆದುಹೋದದ್ದು ತಗ್ಗಿಗೆ ಬಂದು ನಿಲ್ಲುತ್ತದೆ. ಅಲ್ಲಿ ಉಬ್ಬುವ ಜೇಡಿ ಹುಟ್ಟುತ್ತದೆ, ಎರೆಯಾಗುತ್ತದೆ. ಅಲ್ಲಿಂದ ಊಟದ ತಟ್ಟೆಗೆ ಒಂದೇ ಹೆಜ್ಜೆ. ಎರೆ ನೀರನ್ನು ಹಿಡಿದಿಡುವುದರಿಂದ ಮಳೆ ನಿಂತ ಮೇಲೆ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಕುಂಟೆ ಹೊಡೆದು ಬಿರುಕು ಮುಚ್ಚಿದರೆ ಒಳಗಿನ ಹಸಿ ಆರದು, ಜೋಳ ತೆನೆಗೆ ಬರುತ್ತದೆ. ಮಸಾರಿ ಬೇಗ ಆರುತ್ತದೆ, ಹಾಗಾಗಿ ಅಲ್ಲಿ ಮುಂಗಾರಿಯ ಶೇಂಗಾ, ಸಜ್ಜೆ, ನವಣೆ. ನಾವು ರೊಟ್ಟಿ ತಿನ್ನುವ ಜನ ಆದದ್ದಕ್ಕೆ ತಗ್ಗುದಿಣ್ಣೆಯ ಕೈವಾಡವೂ ಇದೆ.

ಶೇಂಗಾ ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಗಂಟುಗಳು ಇರುತ್ತವೆ. ಒಂದನ್ನು ಉಗುರಿನಿಂದ ಒಡೆದು ನೋಡಿ. ಒಳಗೆ ತಿಳಿಗೆಂಪು. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಬ್ಯಾಕ್ಟೀರಿಯಾಗಳ ಮನೆ ಅದು. ಆಮ್ಲಜನಕ ಜಾಸ್ತಿಯಾದರೆ ಅವುಗಳ ಕೆಲಸ ಕೆಡುತ್ತದೆ. ಅದಕ್ಕೆ ಗಿಡ ನಮ್ಮ ರಕ್ತದಲ್ಲಿರುವಂಥದೇ ಒಂದು ಕಬ್ಬಿಣದ ಬಣ್ಣವನ್ನು ಅಲ್ಲಿ ತಯಾರಿಸಿ ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತದೆ. ಮಸಾರಿಯ ಕೆಂಪು, ಗಂಟಿನ ಕೆಂಪು, ಬೆರಳು ಕೊಯ್ದರೆ ಬರುವ ಕೆಂಪು, ಮೂರಕ್ಕೂ ಕಾರಣ ಕಬ್ಬಿಣ.

ಎಲ್ಲವೂ ಇಷ್ಟು ಚೆಂದ ಇರುವುದಿಲ್ಲ. ಕಲ್ಲು ಕೊಡುವುದರಲ್ಲಿ ಬೇಡದ್ದೂ ಇರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ನೋಡಿರುತ್ತೀರಿ. ಸರಿಯಾಗಿ ಹಲ್ಲು ಉಜ್ಜಿಲ್ಲ ಎಂದು ಮಗುವನ್ನು ಗದರಿಸುವವರೂ ಇದ್ದಾರೆ. ತಪ್ಪು ಮಗುವಿನದಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡ್‌ನದು. ಗ್ರಾನೈಟಿನ ಕಾಗೆಬಂಗಾರದಲ್ಲಿ, ಅಪಟೈಟ್ ಎಂಬ ಸಣ್ಣ ಹರಳುಗಳಲ್ಲಿ ಫ್ಲೋರಿನ್ ಇರುತ್ತದೆ. ನೀರು ಕಲ್ಲಿನ ಸೀಳಿನಲ್ಲಿ ಜಾಸ್ತಿ ಕಾಲ ನಿಂತಷ್ಟೂ ಅದು ಕಲ್ಲು ಬಿಟ್ಟು ನೀರಿಗೆ ಸೇರುತ್ತದೆ. ಬೋರ್ ಆಳವಾದಷ್ಟೂ ಹಳೆಯ ನೀರು ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಆದರೆ ನಮ್ಮಂಥ ಒಣಸೀಮೆಯಲ್ಲಿ ಕ್ಯಾಲ್ಸಿಯಂ ಬೇರೆ ಕಡೆ ಖರ್ಚಾಗಿಬಿಟ್ಟಿರುತ್ತದೆ. ಹೊಲ ಅಗೆದಾಗ ಬಿಳಿ ಸುಣ್ಣದ ಹರಳು ಸಿಗುತ್ತದಲ್ಲ, ಅದೇ ಆ ಖರ್ಚು. ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲ, ಮಣ್ಣಿನ ಕ್ಯಾಲ್ಸಿಯಂ ಎರಡೂ ಸೇರಿ, ನೀರು ಆರಿದಾಗ ಹರಳು ಕಟ್ಟುತ್ತದೆ. ಕ್ಯಾಲ್ಸಿಯಂ ಹರಳಾಗಿ ಮಣ್ಣಲ್ಲಿ ಉಳಿಯಿತು, ಫ್ಲೋರೈಡ್ ನೀರಿನಲ್ಲಿ ಕೆಳಗೆ ಹೋಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತದ ಮಾನದಂಡ ಹೇಳುತ್ತದೆ. ಅದು ದಾಟಿದರೆ ಮೊದಲು ಹಲ್ಲು, ಆಮೇಲೆ ಎಲುಬು.

ಯಾಕೆ ಹಲ್ಲು, ಎಲುಬೇ? ಅವು ಕಲ್ಲು, ಅದಕ್ಕೆ. ನಮ್ಮ ಹಲ್ಲಿನ ಗಟ್ಟಿ ವಸ್ತು ಅಪಟೈಟ್ ಜಾತಿಯ ಖನಿಜ. ಗ್ರಾನೈಟಿನಲ್ಲಿ ಇರುವ ಅದೇ ಹರಳಿನ ಅಣ್ಣತಮ್ಮ. ಫ್ಲೋರಿನ್ ಆ ಹರಳಿನಲ್ಲಿ ಕೂತು ಅಭ್ಯಾಸ ಇರುವ ವಸ್ತು. ಬಂಡೆಯ ಅಪಟೈಟಿನಿಂದ ಎದ್ದು ಬಂದು ಬಾಯಿಯ ಅಪಟೈಟಿನಲ್ಲಿ ಕೂರುತ್ತದೆ. ಸ್ವಲ್ಪ ಕೂತರೆ ಹಲ್ಲು ಗಟ್ಟಿ, ಜಾಸ್ತಿ ಕೂತರೆ ಹಲ್ಲು ಕೆಡುತ್ತದೆ. ಒಂದು ಖನಿಜದಿಂದ ಇನ್ನೊಂದು ಖನಿಜಕ್ಕೆ ಜಾಗ ಬದಲಾಯಿಸುವ ದಾರಿಯಲ್ಲಿ ನಾವು ಸಿಕ್ಕಿಕೊಂಡಿದ್ದೇವೆ ಅಷ್ಟೇ.

ಇಷ್ಟು ಹೊತ್ತು ಕಲ್ಲು ಜೀವಕ್ಕೆ ಏನು ಮಾಡುತ್ತದೆ ಎನ್ನುವುದೇ ಹೆಚ್ಚಾಯಿತು. ಜೀವ ಕಲ್ಲು ಮಾಡುವುದನ್ನು ನೋಡಬೇಕಾದರೆ ಸಂಡೂರಿಗೆ ಹೋಗಬೇಕು.

ಸಂಡೂರಿನ ಗುಡ್ಡಗಳಲ್ಲಿ ಒಂದು ಪಟ್ಟೆ ಕಲ್ಲು ಸಿಗುತ್ತದೆ. ಒಂದು ಪಟ್ಟೆ ಕಬ್ಬಿಣದ ಕಡುಗೆಂಪು ಇಲ್ಲವೇ ಉಕ್ಕಿನ ಬೂದು, ಮುಂದಿನದು ಸಿಲಿಕಾದ ತಿಳಿ ಬಣ್ಣ, ಮತ್ತೆ ಕಬ್ಬಿಣ. ಇಳಕಲ್ ಸೀರೆಯ ಅಂಚಿನ ಹಾಗೆ. ಇದು ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಗಸಿ. ಸಂಡೂರು ಆಗ ಸಮುದ್ರದ ಕೆಳಗಿತ್ತು.

ಸಮುದ್ರದಲ್ಲಿ ಕಬ್ಬಿಣ ಹೇಗೆ? ಕೆಲವು ಬೋರ್‌ಗಳ ನೀರು ಹಿಡಿದಾಗ ತಿಳಿಯಾಗಿ ಇರುತ್ತದೆ. ಬಕೆಟ್‌ನಲ್ಲಿ ಬಿಟ್ಟು ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು ಗಸಿ. ನೆಲದೊಳಗೆ ಗಾಳಿ ಇಲ್ಲದ ಕಡೆ ಕಬ್ಬಿಣ ಉಪ್ಪಿನ ಹಾಗೆ ಕರಗಿ ಇರುತ್ತದೆ. ಆಮ್ಲಜನಕ ತಾಗಿದ ಕೂಡಲೇ ತುಕ್ಕಾಗಿ ಕೆಳಗೆ ಕೂರುತ್ತದೆ. ಆ ಕಾಲದ ಇಡೀ ಸಮುದ್ರ ಆ ಬೋರಿನ ನೀರಿನ ಹಾಗಿತ್ತು. ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳು, ನದಿಗಳು ಸುರಿದ ಕಬ್ಬಿಣ ಕರಗಿಕೊಂಡೇ ಇತ್ತು.

ಆಗ ತೀರದ ತೆಳುನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆ ಹಾಸಿದ ಹಾಗೆ ಬೆಳೆಯುತ್ತಿದ್ದವು. ಚಾಪೆಯ ಮೇಲೆ ಸುಣ್ಣದ ಕೆಸರು, ಅದರ ಮೇಲೆ ಹೊಸ ಚಾಪೆ. ಹಾಗೆ ಪದರ ಪದರವಾಗಿ ಉಬ್ಬಿದ ಕಲ್ಲುಗಳಿಗೆ ಸ್ಟ್ರೊಮಾಟೊಲೈಟ್ ಎನ್ನುತ್ತಾರೆ. ಸಂಡೂರಿನ ಹಳೆಯ ಸುಣ್ಣದ ಶಿಲೆಗಳಲ್ಲಿ ಅವು ಸಿಕ್ಕಿವೆ. ಅಂಥ ಚಾಪೆಗಳಲ್ಲಿ ಬಿಸಿಲು ಹಿಡಿದು ನೀರನ್ನು ಒಡೆದು ಆಮ್ಲಜನಕ ಬಿಡುವ ಬ್ಯಾಕ್ಟೀರಿಯಾಗಳು ಬಾಳಬಲ್ಲವು. ಅವಕ್ಕೆ ಅದು ಕಸ. ಆ ಕಸ ಕಬ್ಬಿಣಕ್ಕೆ ತಾಗಿದರೆ ತುಕ್ಕು ತಳಕ್ಕೆ ಇಳಿಯುತ್ತದೆ. ಇನ್ನೊಂದು ದಾರಿಯೂ ಇದೆ. ಬಿಸಿಲಿನಲ್ಲಿ ನೀರಿನ ಬದಲು ಕಬ್ಬಿಣವನ್ನೇ ಬಳಸಿ ಬದುಕುವ ಬ್ಯಾಕ್ಟೀರಿಯಾಗಳಿವೆ, ಅವಕ್ಕೆ ಆಮ್ಲಜನಕದ ಹಂಗೇ ಇಲ್ಲ. ಗಾಳಿಯಲ್ಲಿ ಆಮ್ಲಜನಕ ಗಟ್ಟಿಯಾಗಿ ನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಸಂಡೂರಿನ ಪಟ್ಟೆಗಳಿಗಿಂತ 30 ಕೋಟಿ ವರ್ಷ ಆಮೇಲೆ. ಹಾಗಾಗಿ ಇಷ್ಟು ಹಳೆಯ ಪಟ್ಟೆಗಳಲ್ಲಿ ಯಾರ ಪಾಲು ಎಷ್ಟು ಎನ್ನುವ ವಾದ ಭೂವಿಜ್ಞಾನಿಗಳಲ್ಲಿ ಮುಗಿದಿಲ್ಲ. ಸೂಕ್ಷ್ಮಜೀವಿಗಳ ಕೈ ಇದರಲ್ಲಿದೆ ಎನ್ನುವುದನ್ನು ಮಾತ್ರ ಹೆಚ್ಚಿನವರು ಒಪ್ಪುತ್ತಾರೆ.

ಆ ಪಟ್ಟೆ ಕಲ್ಲೇ ಅದಿರಲ್ಲ. ಅದರಲ್ಲಿ ಕಬ್ಬಿಣ ಮೂರನೇ ಒಂದು ಪಾಲಿನ ಆಸುಪಾಸು ಇರುತ್ತದೆ. ಆಮೇಲೆ, ಭೂಮಿಯ ಲೆಕ್ಕದಲ್ಲಿ ತೀರಾ ಇತ್ತೀಚೆಗೆ, ಜೋರು ಮಳೆಯ ಕಾಲದಲ್ಲಿ ಗುಡ್ಡದ ಮೇಲಿಂದ ಇಳಿದ ನೀರು ಸಿಲಿಕಾವನ್ನು ತೊಳೆದು ಹಾಕಿತು. ಕಬ್ಬಿಣ ಉಳಿಯಿತು. ಶೇಕಡ 60 ದಾಟಿದ ಅದಿರು ಹಾಗೆ ಆದದ್ದು. ದೇವಗಿರಿ ಕಡೆಯ ಮ್ಯಾಂಗನೀಸ್ ಕೂಡ ಹೀಗೇ ಕೂಡಿಬಂದದ್ದು. ಆನೆಗೊಂದಿಯಲ್ಲಿ ಬಂಡೆ ದುಂಡಗೆ ಮಾಡಿದ ಹುಳಿನೀರು ಇಲ್ಲಿ ಅದಿರು ಮಾಡಿತು.

ಆಮ್ಲಜನಕ ಗಾಳಿಯಲ್ಲಿ ತುಂಬಿದ ಮೇಲೆ ಭೂಮಿಯ ಕಲ್ಲಿನ ಲೋಕವೇ ಬದಲಾಯಿತು. ರಾಬರ್ಟ್ ಹೇಜನ್ ಎಂಬ ಅಮೆರಿಕದ ಖನಿಜಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 2008ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಆಗ ಗೊತ್ತಿದ್ದ 4,000ಕ್ಕೂ ಹೆಚ್ಚು ಖನಿಜಗಳಲ್ಲಿ ಮೂರನೇ ಎರಡು ಪಾಲು ಜೀವ ಇಲ್ಲದಿದ್ದರೆ ಹುಟ್ಟುತ್ತಲೇ ಇರಲಿಲ್ಲ ಎಂದು. ನಾವು ಸುಮ್ನೆ "ನಿರ್ಜೀವ ವಸ್ತು" ಎಂದು ಪಟ್ಟಿ ಬರೆಯುತ್ತಿದ್ದೆವಲ್ಲ, ಆ ಪಟ್ಟಿ ನೆನಪಾಗಿ ನಗು ಬಂತು.

ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಒಳಗೆ ಏನಾಗುತ್ತದೆ ನೋಡಿ. ಅದಿರು ಎಂದರೆ ಆಮ್ಲಜನಕ ಹಿಡಿದು ಕೂತ ಕಬ್ಬಿಣ. ಕಬ್ಬಿಣ ಬೇಕಾದರೆ ಆಮ್ಲಜನಕವನ್ನು ಬಿಡಿಸಬೇಕು. ಬಿಡಿಸುವುದು ಕೋಕ್, ಎಂದರೆ ಕಾಸಿದ ಕಲ್ಲಿದ್ದಲು. ಕಲ್ಲಿದ್ದಲು ಎಂದರೆ ಕೋಟ್ಯಂತರ ವರ್ಷ ಹಿಂದಿನ ಕಾಡಿನ ಇಂಗಾಲ. 270 ಕೋಟಿ ವರ್ಷ ಹಿಂದೆ ಸೂಕ್ಷ್ಮಜೀವಿಗಳು ಹಾಕಿದ ಗಂಟನ್ನು ಬೇರೊಂದು ಕಾಲದ, ಬೇರೊಂದು ಖಂಡದ ಮರಗಳು ಬಂದು ಬಿಚ್ಚುತ್ತವೆ. ಬಿಚ್ಚಿದ ಆಮ್ಲಜನಕ ಇಂಗಾಲದ ಜೊತೆ ಸೇರಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಈ ವಿಷಯದಲ್ಲಿ ನನಗೆ ಅತಿ ಬೆರಗು ಹುಟ್ಟಿಸಿದ್ದು ಇದೇ.

ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಚಿನ್ನದ ಬಗ್ಗೆ ಜಾಸ್ತಿ ಹೇಳಲಾರೆ, ಅಲ್ಲಿ ಜೀವಕ್ಕಿಂತ ಆಳದ ಬಿಸಿನೀರಿನ ಪಾತ್ರ ದೊಡ್ಡದು. ಆದರೆ ಗಣಿಯ ಆಳದಲ್ಲಿ ಜೀವ ಇರುವುದಿಲ್ಲ ಎಂದುಕೊಳ್ಳಬೇಡಿ. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ 2.8 ಕಿಲೋಮೀಟರ್ ಕೆಳಗೆ, ಕಲ್ಲಿನ ಸೀಳಿನ ನೀರಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಬಹುತೇಕ ಒಂಟಿಯಾಗಿ ಬದುಕಿರುವುದು ಸಿಕ್ಕಿದೆ. ಬಿಸಿಲು ಕಂಡಿಲ್ಲ, ಗಾಳಿ ಕಂಡಿಲ್ಲ. ಕಲ್ಲಿನ ಯುರೇನಿಯಂ ಸೂಸುವ ವಿಕಿರಣ ನೀರನ್ನು ಒಡೆಯುತ್ತದೆ, ಅದರಿಂದ ಬರುವ ಹೈಡ್ರೊಜನ್ ಅದರ ಊಟ.

ನಮ್ಮ ಕೈಯ ಕೆಲಸಕ್ಕೆ ಬರೋಣ. ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ. ಈಗ 105ರ ಸುಮಾರು. ನಡುವಿನ ಜಾಗವನ್ನು ಹೂಳು ತುಂಬಿದೆ. ಹೂಳು ಎಂದರೆ ಯಾರದೋ ಹೊಲದ, ಯಾವುದೋ ಕಾಡಿನ ಮೇಲ್ಮಣ್ಣು. ಒಂದು ಅಂಗುಲ ಮಣ್ಣು ಆಗಲು ನೂರಾರು ವರ್ಷ ಬೇಕು. ಸಂಡೂರಿನಲ್ಲಿ ಗುಡ್ಡದ ಮೇಲಿನ ಆ ತೆಳು ಮಣ್ಣನ್ನೇ ಕೆರೆದು ಡಂಪ್ ಹಾಕಿದ ಕಾಲವನ್ನು ನಾವೆಲ್ಲ ನೋಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ರಸ್ತೆ ಬದಿಯ ಬೇವಿನ ಎಲೆ ಹಸಿರಾಗಿರಲಿಲ್ಲ, ಕೆಂಪಾಗಿತ್ತು. ಎಲೆ ಉಸಿರಾಡುವ ರಂಧ್ರಕ್ಕೆ ಅದಿರಿನ ಧೂಳು ಕೂತರೆ ಗಿಡ ಏನು ಮಾಡೀತು?

ಕಾಲುವೆ ಸೀಮೆಯ ಕಥೆ ಬೇರೆ. ಒಣ ಎರೆಯಲ್ಲಿ ಕಲ್ಲಿನಿಂದ ಬಂದ ಉಪ್ಪು ಕೆಳಗೆ ಸುಮ್ಮನೆ ಮಲಗಿತ್ತು. ಭತ್ತಕ್ಕೆ ವರ್ಷಕ್ಕೆ ಎರಡು ಸಲ ನೀರು ನಿಲ್ಲಿಸಿದಾಗ ಅಂತರ್ಜಲ ಮೇಲೆ ಬಂತು, ಉಪ್ಪೂ ಜೊತೆಗೆ ಬಂತು. ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ನೀರು ಆವಿಯಾಯಿತು, ಉಪ್ಪು ಮೇಲೆ ಬೆಳ್ಳಗೆ ಕೂತಿತು. ಸವಳು-ಜವಳು ಎಂದು ಜೋಡಿಯಾಗಿ ಹೇಳುವುದು ಇದಕ್ಕೇ. ಅಂಥ ನೆಲದಲ್ಲೂ ಬರುವ ಗಿಡ ಒಂದಿದೆ. ಅಮೆರಿಕದಿಂದ ಬಂದು ಕರ್ನಾಟಕದ ತುಂಬ ನಮ್ಮ ಊರಿನ ಹೆಸರಿನಲ್ಲಿ ಬೈಸಿಕೊಳ್ಳುವ ಬಳ್ಳಾರಿ ಜಾಲಿ. ಅದೇ ಜಾತಿಯ ಮರದ ಬೇರು ಅರಿಜೋನಾದ ಒಂದು ಗಣಿಯಲ್ಲಿ 50 ಮೀಟರಿಗಿಂತ ಆಳದಲ್ಲಿ ಸಿಕ್ಕಿದೆ. ಮುಳ್ಳು ಕೆಟ್ಟದ್ದು, ಬೇರೆ ಗಿಡಕ್ಕೆ ಜಾಗ ಕೊಡುವುದಿಲ್ಲ, ಎಲ್ಲ ನಿಜ. ಆದರೆ ಕ್ಷಾರ ಹೆಚ್ಚಾದ ಮಣ್ಣು ಅದರ ಕೆಳಗೆ ವರ್ಷಗಳಲ್ಲಿ ಮೆತ್ತಗಾಗುತ್ತದೆ, ಕ್ಷಾರ ಇಳಿಯುತ್ತದೆ. ಬೈಯುವಾಗ ಇದನ್ನೂ ಸೇರಿಸಿ ಬೈಯಬೇಕು.

ಮತ್ತೆ ಕುಡತಿನಿ. ಚಿಮಣಿಯ ಕೆಳಗೂ ಒಂದು ಬೂದಿ ರಾಶಿ ಬೆಳೆಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಬೂದಿಯೇ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಜೌಗು ಕಾಡಿನಲ್ಲಿ ಬಿದ್ದ ಮರಗಳ ಜೊತೆ ನದಿ ತಂದ ಜೇಡಿಯೂ ಸೇರಿತ್ತು. ಬೂದಿಯಲ್ಲಿ ಹೆಚ್ಚಿನದು ಆ ಜೇಡಿ. ಕುಲುಮೆಯ ಬಿಸಿಗೆ ಅದು ಕರಗಿ ಸಣ್ಣ ಸಣ್ಣ ಗಾಜಿನ ಗುಂಡಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುತ್ತು ಚೆಲ್ಲಿದ ಹಾಗೆ.

ಎರಡು ಬೂದಿಗೂ ಒಂದು ವ್ಯತ್ಯಾಸ ಇದೆ. ದನದ ಸಗಣಿ ಸುಟ್ಟಾಗ ಹೊರಟ ಇಂಗಾಲ ಹೆಚ್ಚೆಂದರೆ ಒಂದೆರಡು ಮಳೆಗಾಲ ಹಿಂದೆ ಗಾಳಿಯಲ್ಲೇ ಇದ್ದದ್ದು. ಹುಲ್ಲು ಸಾಲ ತಂದಿತ್ತು, ಬೆಂಕಿ ವಾಪಸ್ ಕೊಟ್ಟಿತು. ಕಲ್ಲಿದ್ದಲಿನ ಇಂಗಾಲ ಡೈನೊಸಾರ್‌ಗಳು ಹುಟ್ಟುವ ಮೊದಲೇ ನೆಲದ ಕೆಳಗೆ ಹೋದದ್ದು. ಅದನ್ನು ಗಾಳಿಯಿಂದ ಪೂರ್ತಿ ಇಳಿಸುವ ಕೆಲಸ ಕೊನೆಗೆ ಕಲ್ಲಿನದೇ. ಗ್ರಾನೈಟು ಹುಳಿನೀರಿಗೆ ಕರಗುವಾಗ ಇಂಗಾಲ ನೀರಿನಲ್ಲಿ ಸೇರಿಕೊಂಡು ನದಿ ಹಿಡಿದು ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಚಿಪ್ಪಿನ ಜೀವಿಗಳು ಅದರಿಂದ ಚಿಪ್ಪು ಕಟ್ಟುತ್ತವೆ, ಅವು ಸತ್ತು ತಳದಲ್ಲಿ ಸುಣ್ಣದ ಕಲ್ಲಾಗುತ್ತದೆ. ಆನೆಗೊಂದಿಯ ಬಂಡೆಗಳೂ ಈ ಕೆಲಸದಲ್ಲಿವೆ. ಅವುಗಳ ವೇಗದಲ್ಲಿ ಇದಕ್ಕೆ ಲಕ್ಷಾಂತರ ವರ್ಷ ಹಿಡಿಯುತ್ತದೆ.

ಮೊನ್ನೆ ಕುಡತಿನಿಯಲ್ಲಿ ಬಸ್ಸು ನಿಂತಾಗ ಬೂದಿ ಇಟ್ಟಿಗೆ ತುಂಬಿಕೊಂಡ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಬಂದು ನಿಂತಿತು. ಆ ಇಟ್ಟಿಗೆಯ ಬಣ್ಣವೂ, ಅಂದು ದಿಬ್ಬದಲ್ಲಿ ಕೈಗೆತ್ತಿಕೊಂಡ ತುಂಡಿನ ಬಣ್ಣವೂ ಹೆಚ್ಚುಕಡಿಮೆ ಒಂದೇ.